ಹಲಸಿನ ಮರ, ಮೂರು ಕಿಲೋವ್ಯಾಟ್ ಮತ್ತು ಸಾಣಿಕಟ್ಟಾದ ಉಪ್ಪು

ಸೋಲಾರ್ ಹಾಕಿಸಬೇಕು, ಒಮ್ಮೆ ಬಂದು ನೋಡಿ ಎಂದು ಯಾರಾದರೂ ಕರೆದರೆ, ಅವರ ಅಂಗಳದಲ್ಲಿ ನಿಂತು ನಾನು ಮೊದಲು ನೋಡುವುದು ಮಾಡನ್ನಲ್ಲ, ಸುತ್ತಲಿನ ಮರಗಳನ್ನು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆಗಳಿರುವ ಜಾಗವೇ ಅಂಥದ್ದು. ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಧರೆ ಕಡಿದು ಮಾಡಿಕೊಂಡ ಸಮತಟ್ಟಿನಲ್ಲಿ ಹಂಚಿನ ಮನೆ. ಪೂರ್ವಕ್ಕೆ ಗುಡ್ಡವಿದ್ದರೆ ಮಾಡಿಗೆ ಬಿಸಿಲು ತಾಗುವಾಗ ಒಂಬತ್ತು ಗಂಟೆ ದಾಟಿರುತ್ತದೆ. ದಕ್ಷಿಣಕ್ಕೆ ಒಂದು ಹಲಸಿನ ಮರ ಇದ್ದೇ ಇರುತ್ತದೆ. ಅದನ್ನು ಅಜ್ಜ ನೆಟ್ಟಿರುತ್ತಾನೆ, ಅದರ ಕಾಯಿಯ ಹಪ್ಪಳಕ್ಕೆ ನೆಂಟರಲ್ಲೆಲ್ಲ ಹೆಸರಿರುತ್ತದೆ. ಕೊಂಬೆ ಸವರುವ ಮಾತೆತ್ತಿದರೆ ಸಾಕು, ಅಲ್ಲಿಯವರೆಗೆ ಅಡುಗೆಮನೆಯಲ್ಲಿದ್ದ ಅಮ್ಮನವರು ಜಗುಲಿಗೆ ಬಂದು ನಿಲ್ಲುತ್ತಾರೆ.

ಕಡಿಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆ ಮರದ ನೆರಳು ಡಿಸೆಂಬರಿನ ಮಧ್ಯಾಹ್ನ ಎಲ್ಲಿಗೆ ಬರುತ್ತದೆ ಎಂದು ಮಾತ್ರ ಕೇಳುತ್ತೇನೆ. ಉತ್ತರ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. “ನೆರಳು ಎಷ್ಟು ಮಹಾ ತಮ್ಮಾ, ಒಂದು ಮೂಲೆಗೆ ಬೀಳುತ್ತದೆ ಅಷ್ಟೆ. ಉಳಿದ ಜಾಗಕ್ಕೆಲ್ಲ ಬಿಸಿಲು ಸುರಿಯುತ್ತದಲ್ಲ!” ಆ ಒಂದು ಮೂಲೆಯೇ ನನ್ನ ತಲೆನೋವು. ಅದನ್ನು ಅಂಗಳದಲ್ಲಿ ನಿಂತು ಐದು ನಿಮಿಷದಲ್ಲಿ ವಿವರಿಸುವುದು ಕಷ್ಟ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮುಂದಿನ ಸಲ ಕೇಳಿದವರಿಗೆ ಇದನ್ನೇ ಕಳಿಸಿಬಿಡಬಹುದು ಎಂಬ ಸ್ವಾರ್ಥವೂ ಇದೆ.

ಪ್ಯಾನೆಲ್ಲಿನಲ್ಲಿ ಕಪ್ಪಗೆ ಕಾಣುವ ಪ್ರತಿ ತುಂಡೂ ಒಂದು ಸಿಲಿಕಾನ್ ಸೆಲ್. ಕ್ವಾರ್ಟ್ಜ್ ಕಲ್ಲನ್ನು ಇಂಗಾಲದ ಜೊತೆ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿದರೆ ಸಿಲಿಕಾನ್ ಸಿಗುತ್ತದೆ. ಅದನ್ನು ಶುದ್ಧಮಾಡಿ, 1414 ಡಿಗ್ರಿಯಲ್ಲಿ ಕರಗಿಸಿ, ಒಂದೇ ದೊಡ್ಡ ಹರಳಾಗುವಂತೆ ನಿಧಾನಕ್ಕೆ ಮೇಲೆಳೆದು, ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತಲೂ ತೆಳ್ಳಗೆ ಕೊಯ್ಯುತ್ತಾರೆ. ಈ ಬಿಲ್ಲೆಯ ಒಂದು ಕಡೆಗೆ ಬೋರಾನ್ ಜಾತಿಯ ಧಾತು, ಇನ್ನೊಂದು ಕಡೆಗೆ ರಂಜಕ, ಎರಡನ್ನೂ ಲೆಕ್ಕಕ್ಕೂ ಸಿಗದಷ್ಟು ಕಡಿಮೆ ಸೇರಿಸಿರುತ್ತಾರೆ. ಎರಡೂ ಪದರಗಳು ಕೂಡುವ ಗಡಿಯಲ್ಲಿ ತಾನಾಗಿಯೇ ಒಂದು ವಿದ್ಯುತ್ ಕ್ಷೇತ್ರ ಹುಟ್ಟಿಕೊಳ್ಳುತ್ತದೆ. ಬೆಳಕು ಬಿದ್ದಾಗ ಸಿಲಿಕಾನಿನ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ, ಈ ಕ್ಷೇತ್ರ ಅವನ್ನು ಒಂದೇ ದಿಕ್ಕಿಗೆ ತಳ್ಳುತ್ತದೆ. ಮೇಲೆ ಕಾಣುವ ಬೆಳ್ಳಿಯ ಸಣ್ಣ ಗೆರೆಗಳು ಅವನ್ನು ಒಟ್ಟುಮಾಡಿ ತಂತಿಗೆ ಕೊಡುತ್ತವೆ. ತಿರುಗುವ ಭಾಗವಿಲ್ಲ, ಖರ್ಚಾಗುವ ವಸ್ತುವೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಕೈಗಾ ಇದೆ, ಕಾಳಿ ನದಿಯ ಜಲವಿದ್ಯುತ್ ಇದೆ. ಒಂದು ನೀರನ್ನು ಆವಿ ಮಾಡಿ ಟರ್ಬೈನ್ ತಿರುಗಿಸುತ್ತದೆ, ಇನ್ನೊಂದು ನೀರನ್ನು ಬೀಳಿಸಿ ತಿರುಗಿಸುತ್ತದೆ. ಮಾಡಿನ ಮೇಲಿನ ಈ ಗಾಜಿನ ಹಲಗೆಯಲ್ಲಿ ಆ ತಿರುಗುವಿಕೆಯೇ ಇಲ್ಲ ಎಂಬುದು ನನಗೆ ಈಗಲೂ ಸೋಜಿಗ.

ಇದರ ಚರಿತ್ರೆಯಲ್ಲಿ ನನಗೆ ಇಷ್ಟವಾದ ಸಂಗತಿ ಒಂದಿದೆ. 1839ರಲ್ಲಿ ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ ಎಂಬ ಹತ್ತೊಂಬತ್ತರ ಹುಡುಗ ದ್ರಾವಣದಲ್ಲಿ ಅದ್ದಿದ ಲೋಹದ ಪಟ್ಟಿಗಳ ಮೇಲೆ ಬೆಳಕು ಬಿಟ್ಟು ಕರೆಂಟು ಕಂಡದ್ದು, 1883ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರಿಟ್ಸ್ ಸೆಲೆನಿಯಂ ಮೇಲೆ ಚಿನ್ನದ ತೆಳು ಪೊರೆ ಹಾಕಿ ಸೆಲ್ ಮಾಡಿದ್ದು ಎಲ್ಲ ಪುಸ್ತಕಗಳಲ್ಲೂ ಇದೆ. ಫ್ರಿಟ್ಸ್‌ನ ಸೆಲ್ ಬಿದ್ದ ಬೆಳಕಿನ ಶೇ 1ರಷ್ಟನ್ನು ವಿದ್ಯುತ್ ಮಾಡುತ್ತಿತ್ತು. ನಿಜವಾಗಿ ಕೆಲಸಕ್ಕೆ ಬರುವ ಸೆಲ್ ಬಂದದ್ದು 1954ರಲ್ಲಿ, ಅಮೆರಿಕದ ಟೆಲಿಫೋನ್ ಕಂಪನಿಯ ಸಂಶೋಧನಾಲಯವಾದ ಬೆಲ್ ಲ್ಯಾಬ್ಸ್‌ನಲ್ಲಿ. ಡ್ಯಾರಿಲ್ ಚಾಪಿನ್, ಕ್ಯಾಲ್ವಿನ್ ಫುಲ್ಲರ್, ಜೆರಾಲ್ಡ್ ಪಿಯರ್ಸನ್ ಎಂಬ ಮೂವರು ಶೇ 6ರಷ್ಟು ದಕ್ಷತೆಯ ಸಿಲಿಕಾನ್ ಸೆಲ್ ಮಾಡಿ, ಆ ವರ್ಷ ಏಪ್ರಿಲ್ 25ರಂದು ಅದರಿಂದ ಒಂದು ಆಟಿಕೆಯ ಜಾಯಿಂಟ್ ವ್ಹೀಲ್ ತಿರುಗಿಸಿ ಜನರಿಗೆ ತೋರಿಸಿದರು. ಚಾಪಿನ್‌ಗೆ ಕಂಪನಿ ಒಪ್ಪಿಸಿದ್ದ ಕೆಲಸ ಯಾವುದು ಗೊತ್ತೇ? ತೇವ ಹೆಚ್ಚಿರುವ ಉಷ್ಣವಲಯದ ಊರುಗಳಲ್ಲಿ ಟೆಲಿಫೋನ್ ಲೈನಿನ ಬ್ಯಾಟರಿಗಳು ಬೇಗ ಹಾಳಾಗುತ್ತಿದ್ದವು, ಅವಕ್ಕೆ ಬದಲಿ ಹುಡುಕಬೇಕಿತ್ತು. ಪೆಟ್ಟಿಗೆಯಲ್ಲಿಟ್ಟ ಚಪ್ಪಲಿಗೂ ಬೂಸಲು ಹಿಡಿಯುವ ನಮ್ಮ ಆಷಾಢವನ್ನು ಬಲ್ಲವರಿಗೆ ಆ ತಾಪತ್ರಯವನ್ನು ಬೇರೆ ಹೇಳಬೇಕಾಗಿಲ್ಲ.

ಈಗ ದಕ್ಷತೆಯ ಮಾತು. “ಇಷ್ಟು ದುಡ್ಡು ಕೊಟ್ಟರೂ ಶೇ 20 ಅಷ್ಟೇನಾ?” ಎಂದು ಓದಿಕೊಂಡ ಮಕ್ಕಳಿರುವ ಮನೆಗಳಲ್ಲಿ ಕೇಳುತ್ತಾರೆ. ಬೆಂಗಳೂರಿನಿಂದ ಮಗ ಫೋನಿನಲ್ಲಿ ಹೇಳಿಕೊಟ್ಟ ಪ್ರಶ್ನೆ ಎಂದು ಮುಖ ನೋಡಿದರೇ ತಿಳಿಯುತ್ತದೆ. ಪ್ರಶ್ನೆ ತಪ್ಪಲ್ಲ. ಬೆಳಕು ಬಿಡಿ ಬಿಡಿ ಕಣಗಳಾಗಿ ಬರುತ್ತದೆ ಎಂದು 1905ರಲ್ಲಿ ಐನ್‌ಸ್ಟೈನ್ ಹೇಳಿದರು, 1921ರ ನೊಬೆಲ್ ಅವರಿಗೆ ಬಂದದ್ದು ಮುಖ್ಯವಾಗಿ ಆ ಕೆಲಸಕ್ಕೆ. ಈ ಕಣಗಳಲ್ಲಿ ಎಲ್ಲದರ ಶಕ್ತಿಯೂ ಒಂದೇ ಅಲ್ಲ. ನೀಲಿಯದು ಹೆಚ್ಚು, ಕೆಂಪಿನದು ಕಡಿಮೆ, ಕಣ್ಣಿಗೆ ಕಾಣದ ಅವಕೆಂಪಿನದು ಇನ್ನೂ ಕಡಿಮೆ. ಸಿಲಿಕಾನಿನಲ್ಲಿ ಒಂದು ಎಲೆಕ್ಟ್ರಾನ್ ಕಳಚಲು ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್‌ನಷ್ಟು ಶಕ್ತಿ ಬೇಕು. ಅದಕ್ಕಿಂತ ಕಡಿಮೆ ಶಕ್ತಿಯ ಕಣ ಎಷ್ಟು ಸಾವಿರ ಬಂದರೂ ವ್ಯರ್ಥ. ಹೆಚ್ಚಿನದು ಬಂದರೂ ಒಂದು ಎಲೆಕ್ಟ್ರಾನ್ ಮಾತ್ರ ಕಳಚುತ್ತದೆ, ಮಿಕ್ಕಿದ್ದು ಬಿಸಿಯಾಗಿ ಹೋಗುತ್ತದೆ. ಈ ಲೆಕ್ಕವನ್ನು 1961ರಲ್ಲಿ ವಿಲಿಯಂ ಶಾಕ್ಲಿ ಮತ್ತು ಹಾನ್ಸ್ ಕ್ವೈಸರ್ ಮಾಡಿದರು. ಇಂಥ ಒಂದು ಗಡಿಯ ಸೆಲ್ ಸಾಮಾನ್ಯ ಬಿಸಿಲಿನಲ್ಲಿ ಎಷ್ಟು ಚೆನ್ನಾಗಿದ್ದರೂ ಸುಮಾರು ಶೇ 33 ದಾಟುವುದಿಲ್ಲ. ಅಂದರೆ ಅಂಗಡಿಯಲ್ಲಿ ಸಿಗುವ ಶೇ 21ರ ಪ್ಯಾನೆಲ್ ನೂರಕ್ಕೆ ಇಪ್ಪತ್ತೊಂದು ಅಂಕ ತೆಗೆದು ಫೇಲಾದದ್ದಲ್ಲ, ಮೂವತ್ತಮೂರಕ್ಕೆ ಇಪ್ಪತ್ತೊಂದು ತೆಗೆದದ್ದು. ಬಹುಪಾಲು ಬೆಳೆಗಳು ಬಿದ್ದ ಬಿಸಿಲಿನಲ್ಲಿ ತಮ್ಮ ಮೈಗೆ ಹಿಡಿದಿಟ್ಟುಕೊಳ್ಳುವುದು ಶೇ 1ರ ಆಸುಪಾಸು. ತೋಟವನ್ನು ಮಾತ್ರ ಈ ವಿಷಯದಲ್ಲಿ ಯಾರೂ ಬೈಯುವುದಿಲ್ಲ.

ಬಿಸಿಲು ಜೋರಾದಷ್ಟೂ ಯೂನಿಟ್ ಜಾಸ್ತಿ ಎನ್ನುವುದು ಅರ್ಧ ಸತ್ಯ. ಬೆಳಕು ಜೋರಾಗಬೇಕು, ಸೆಕೆ ಜೋರಾಗಬಾರದು. ಪ್ಯಾನೆಲ್ಲಿನ ಮೇಲೆ 540 ವ್ಯಾಟ್ ಎಂದು ಬರೆದಿರುವುದು ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬಿದ್ದು, ಸೆಲ್ಲಿನ ಉಷ್ಣತೆ 25 ಡಿಗ್ರಿ ಇದ್ದಾಗಿನ ಲೆಕ್ಕ. ಅಲ್ಲಿಂದ ಒಂದೊಂದು ಡಿಗ್ರಿ ಏರಿದಂತೆ ಶೇ 0.3ರಿಂದ 0.4ರಷ್ಟು ಇಳಿಯುತ್ತ ಹೋಗುತ್ತದೆ. ಅಂಕೋಲೆಯ ತಾರಸಿಯ ಮೇಲೆ ಏಪ್ರಿಲ್ ಮಧ್ಯಾಹ್ನ ಸೆಲ್ 60 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಅಷ್ಟಕ್ಕೇ ಶೇ 12ರಷ್ಟು ಹೋಯಿತು. ನಾನು ಹಾಕಿಕೊಟ್ಟ ಮನೆಗಳ ಲೆಕ್ಕ ಮೊಬೈಲಿನಲ್ಲಿ ಕಾಣುತ್ತದೆ. ಘಟ್ಟದ ಮೇಲೆ ಫೆಬ್ರವರಿಯ ಗಾಳಿ ಬೀಸುವ ದಿನಗಳು ಮೇ ತಿಂಗಳ ಬೆವರಿಳಿಸುವ ದಿನಗಳನ್ನು ಸುಲಭವಾಗಿ ಹಿಂದೆ ಹಾಕುತ್ತವೆ. ಆದ್ದರಿಂದ ಪ್ಯಾನೆಲ್ಲನ್ನು ಶೀಟಿಗೆ ಅಂಟಿಸಿದಂತೆ ಕೂರಿಸಬೇಡಿ, ಅಡಿಯಲ್ಲಿ ಗಾಳಿಯಾಡಲು ಕೈ ತೂರುವಷ್ಟಾದರೂ ಸಂದು ಬಿಡಿಸಿಕೊಳ್ಳಿ.

ಮಳೆಗಾಲದ ಫೋನುಗಳು ಬೇರೆ ತರಹದವು. “ಮೀಟರ್ ಹಿಡಿದು ನೋಡಿದೆ, ವೋಲ್ಟೇಜ್ ಪೂರ್ತಿ ತೋರಿಸುತ್ತಿದೆ, ಯೂನಿಟ್ ಮಾತ್ರ ಬರುತ್ತಿಲ್ಲ. ಇನ್ವರ್ಟರ್ ಕೆಟ್ಟಿರಬೇಕು.” ಪ್ಯಾನೆಲ್ಲಿನ ಕರೆಂಟನ್ನು ಮನೆಗೆ ಒಗ್ಗುವಂತೆ ಬದಲಿಸುವ ಆ ಪೆಟ್ಟಿಗೆ ಕೆಟ್ಟಿರುವುದಿಲ್ಲ. ಕರೆಂಟು ಬೆಳಕಿನ ಕಣಗಳ ಸಂಖ್ಯೆಗೆ ಸರಿಯಾಗಿ ಏರಿಳಿಯುತ್ತದೆ, ವೋಲ್ಟೇಜು ಹಾಗಲ್ಲ. ಮೋಡ ಕವಿದು ಬೆಳಕು ಹತ್ತನೇ ಒಂದಕ್ಕೆ ಇಳಿದರೆ ಕರೆಂಟೂ ಹತ್ತನೇ ಒಂದಾಗುತ್ತದೆ. ತಂತಿ ಬಿಚ್ಚಿ ಅಳೆದ ವೋಲ್ಟೇಜಿನಲ್ಲಿ ಪ್ರತಿ ಸೆಲ್ಲಿಗೆ ಇಳಿಯುವುದು ಸುಮಾರು 0.06 ವೋಲ್ಟ್, ಅಂದರೆ ಇದ್ದದ್ದರಲ್ಲಿ ಶೇ 10ಕ್ಕಿಂತ ಕಡಿಮೆ. ವ್ಯಾಟ್ ಎಂದರೆ ಎರಡರ ಗುಣಲಬ್ಧ. ಒಂದು ಪೂರ್ತಿಯಿದ್ದು ಇನ್ನೊಂದು ಮಕಾಡೆ ಮಲಗಿದ್ದರೆ ಮನೆಗೆ ಬರುವುದು ಅಷ್ಟೇ. ಮೂರು ಕಿಲೋವ್ಯಾಟ್‌ನಿಂದ ಬೇಸಿಗೆಯ ಒಳ್ಳೆಯ ದಿನ ಹನ್ನೆರಡು ಹದಿಮೂರು ಯೂನಿಟ್ ಕಂಡವರು ಜುಲೈಯಲ್ಲಿ ಮೂರನ್ನು ನೋಡಿ ಗಾಬರಿಯಾಗುತ್ತಾರೆ. ಅದು ಆಕಾಶದ ಲೆಕ್ಕ, ನನ್ನ ಕೈಯಲ್ಲಿಲ್ಲ.

ಇನ್ನು ನೆರಳು ಬೀಳುವ ಆ ಮೂಲೆ. ಒಂದು ಸೆಲ್ ಕೊಡುವುದು ಅರ್ಧ ವೋಲ್ಟಿಗಿಂತ ಸ್ವಲ್ಪ ಹೆಚ್ಚು. ಅದರಿಂದ ಯಾವ ಕೆಲಸವೂ ಆಗದು. ಹಾಗಾಗಿ ಸೆಲ್ಲುಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಸಾಲು ಮಾಡಿರುತ್ತಾರೆ, ಪ್ಯಾನೆಲ್ಲುಗಳನ್ನೂ ಹಾಗೆಯೇ. ಸಾಲಿನಲ್ಲಿ ಹರಿಯುವ ಕರೆಂಟು ಎಲ್ಲ ಸೆಲ್ಲಿನಲ್ಲೂ ಒಂದೇ ಆಗಿರಬೇಕು. ತೋಟಕ್ಕೆ ಹೊಸ ಮಣ್ಣು ಹಾಕುವಾಗ ಆಳುಗಳು ಸಾಲಾಗಿ ನಿಂತು ಬುಟ್ಟಿ ದಾಟಿಸುವುದನ್ನು ನೋಡಿದ್ದೀರಲ್ಲ, ನಡುವೆ ಒಬ್ಬ ಕವಳ ಹಾಕಲು ಕೂತರೆ ಸಾಲು ಪೂರ್ತಿ ನಿಲ್ಲುತ್ತದೆ, ಉಳಿದವರು ಎಷ್ಟು ಗಟ್ಟಿಗರಾದರೂ ಅಷ್ಟೇ. ನೆರಳು ಬಿದ್ದ ಸೆಲ್ಲಿನ ಕಥೆ ಇದೇ. ಅದಕ್ಕಿಂತ ಕೆಟ್ಟದ್ದೂ ಇದೆ. ಉಳಿದ ಸೆಲ್ಲುಗಳು ಒತ್ತಾಯದಿಂದ ಕರೆಂಟು ತಳ್ಳಿದಾಗ ನೆರಳಿನ ಸೆಲ್ ವಿದ್ಯುತ್ ಕೊಡುವುದನ್ನು ಬಿಟ್ಟು ತಾನೇ ತಿನ್ನತೊಡಗುತ್ತದೆ, ತಿಂದದ್ದು ಬಿಸಿಯಾಗುತ್ತದೆ. ಬಹಳ ದಿನ ಹೀಗಾದರೆ ಆ ಜಾಗ ಕಂದಿ ಸುಟ್ಟ ಗುರುತು ಬೀಳುತ್ತದೆ.

ಇದಕ್ಕೊಂದು ಪರಿಹಾರ ಪ್ಯಾನೆಲ್ಲಿನ ಬೆನ್ನಿಗಿರುವ ಪುಟ್ಟ ಡಬ್ಬಿಗಳಲ್ಲಿದೆ. ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್‌ಗಳಿರುತ್ತವೆ, ಒಂದೊಂದೂ ಪ್ಯಾನೆಲ್ಲಿನ ಮೂರನೇ ಒಂದು ಭಾಗವನ್ನು ಕಾಯುತ್ತದೆ. ಆ ಭಾಗದ ಯಾವುದೇ ಸೆಲ್ಲಿಗೆ ನೆರಳಾದರೆ ಡಯೋಡ್ ತೆರೆದುಕೊಂಡು ಕರೆಂಟನ್ನು ಪಕ್ಕದ ದಾರಿಯಲ್ಲಿ ದಾಟಿಸುತ್ತದೆ. ಸಾಲು ನಿಲ್ಲುವುದಿಲ್ಲ, ಆ ಮೂರನೇ ಒಂದು ಭಾಗದ ವಿದ್ಯುತ್ ಮಾತ್ರ ಕೈಬಿಟ್ಟಂತೆ. ಆಗ ನೆರಳಿನ ವಿಸ್ತೀರ್ಣಕ್ಕಿಂತ ಅದು ಬಿದ್ದ ರೀತಿ ಮುಖ್ಯವಾಗುತ್ತದೆ. ಮೂರು ಕಿಲೋವ್ಯಾಟ್‌ಗೆ ಆರು ಪ್ಯಾನೆಲ್ ಎಂದುಕೊಳ್ಳಿ. ದಟ್ಟ ನೆರಳೊಂದು ಒಂದೇ ಪ್ಯಾನೆಲ್ಲನ್ನು ಪೂರ್ತಿ ಮುಚ್ಚಿದರೆ ಆರರಲ್ಲಿ ಒಂದು ಹೋಯಿತು, ಅಷ್ಟೆ. ಗಾತ್ರದಲ್ಲಿ ಅದರ ಕಾಲು ಭಾಗವೂ ಇಲ್ಲದ ತೆಂಗಿನ ಗರಿಯ ನೆರಳು ಆರೂ ಪ್ಯಾನೆಲ್ಲುಗಳ ಮೇಲೆ ಅಡ್ಡಡ್ಡ ಹಾದುಹೋದರೆ ನಷ್ಟ ಹಲವು ಪಟ್ಟು. ಹಲಸಿನ ಮರ ಮೇಲು, ತೆಂಗಿನ ಮರ ಕಷ್ಟ ಎಂದು ನಾನು ಹೇಳಿದಾಗ ಜನ ನಗುತ್ತಾರೆ, ಆದರೆ ಕಾರಣ ಇದು. ಟಿವಿ ಡಿಶ್, ನೀರಿನ ಟ್ಯಾಂಕ್, ಪಕ್ಕದ ಮನೆಯ ಕಂಬ ಎಲ್ಲವೂ ಇದೇ ಗುಂಪಿಗೆ ಸೇರಿದವು. ಮಳೆ ಮುಗಿಯುವಾಗ ಪ್ಯಾನೆಲ್ಲಿನ ಕೆಳ ಅಂಚಿಗೆ ಹಿಡಿಯುವ ಪಾಚಿಯೂ ಹೌದು. ಬೆರಳಗಲದ ಪಾಚಿ ಎಂದು ಬಿಡಬೇಡಿ, ಅದು ಕೆಳಗಿನ ಸಾಲಿನ ಎಲ್ಲ ಸೆಲ್ಲುಗಳ ಮೇಲೂ ಕೂತಿರುತ್ತದೆ.

ಈಗಿನ ಪ್ಯಾನೆಲ್ಲುಗಳಲ್ಲಿ ಸೆಲ್ಲನ್ನು ಅರ್ಧಕ್ಕೆ ಕತ್ತರಿಸಿ, ಮೇಲಿನ ಅರ್ಧ ಮತ್ತು ಕೆಳಗಿನ ಅರ್ಧ ಬೇರೆ ಬೇರೆಯಾಗಿ ದುಡಿಯುವಂತೆ ಜೋಡಿಸಿರುತ್ತಾರೆ. ಉದ್ದಕ್ಕೆ ನಿಲ್ಲಿಸಿದ ಪ್ಯಾನೆಲ್ಲಿನ ಬುಡಕ್ಕೆ ನೆರಳಾದರೆ ಮೇಲಿನ ಅರ್ಧ ನಡೆಯುತ್ತಿರುತ್ತದೆ. ಪ್ರತಿ ಪ್ಯಾನೆಲ್ಲಿಗೂ ಬೇರೆಯೇ ಆದ ಮೈಕ್ರೋ ಇನ್ವರ್ಟರ್ ಹಾಕಿದರೆ ಒಂದರ ನೆರಳಿನಿಂದ ಇನ್ನೊಂದಕ್ಕೆ ತೊಂದರೆಯಿಲ್ಲ, ಆದರೆ ಖರ್ಚು ಏರುತ್ತದೆ. ನಾನು ಸಾಮಾನ್ಯವಾಗಿ ಮಾಡುವುದು ಜಾಗ ಬದಲಿಸುವುದನ್ನು. ಮನೆಯ ಮಾಡಿಗೆ ನೆರಳಿದ್ದರೆ ಕೊಟ್ಟಿಗೆಯ ಮೇಲೆ ನೋಡುತ್ತೇನೆ, ಅದೂ ಆಗದಿದ್ದರೆ ಅಡಿಕೆ ಒಣಗಿಸುವ ಅಂಗಳದ ಅಂಚು. ಆ ಅಂಗಳವನ್ನು ಹಿರಿಯರು ಬಿಸಿಲು ನೋಡಿಯೇ ಮಾಡಿರುತ್ತಾರೆ. ಚಾಲಿ ಒಣಗಲು ಒಂದೂವರೆ ತಿಂಗಳ ಬಿಸಿಲು ಬೇಕಲ್ಲ, ನೆರಳಿನ ಲೆಕ್ಕ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹಂಚಿನ ಮಾಡಿಗಿಂತ ಅಲ್ಲಿ ಕಂಬ ನಿಲ್ಲಿಸುವುದೂ ಸುಲಭ, ಮಂಗಗಳು ಒಡೆದ ಹಂಚು ಬದಲಿಸಲು ಪ್ಯಾನೆಲ್ ಬಿಚ್ಚುವ ರಗಳೆ ಇರುವುದಿಲ್ಲ.

ದಿಕ್ಕಿನ ಬಗ್ಗೆ ಒಂದು ಮಾತು. ಶಿರಸಿ ಇರುವುದು ಉತ್ತರ ಅಕ್ಷಾಂಶ 14.6 ಡಿಗ್ರಿಯಲ್ಲಿ, ಕಾರವಾರ 14.8ರಲ್ಲಿ. ಪ್ಯಾನೆಲ್ಲನ್ನು ದಕ್ಷಿಣಕ್ಕೆ ಸುಮಾರು 15 ಡಿಗ್ರಿ ಓರೆ ಮಾಡಿದರೆ ಸಾಕು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ, ಆಗ ನಷ್ಟವಲ್ಲವೇ ಎಂದು ಪಂಚಾಂಗ ಬಲ್ಲ ಒಬ್ಬ ಹಿರಿಯರು ನನ್ನನ್ನು ಚೆನ್ನಾಗಿಯೇ ಹಿಡಿದರು. ನಷ್ಟವಿದೆ. ಜೂನ್ 21ರ ಮಧ್ಯಾಹ್ನ ನೇರ ಬಿಸಿಲಿನಲ್ಲಿ ಶೇ 8ರಷ್ಟು ಕಡಿಮೆಯಾಗುತ್ತದೆ. ಆದರೆ ಜೂನ್ 21ರಂದು ನೇರ ಬಿಸಿಲು ಕಂಡವರು ನಮ್ಮಲ್ಲಿ ಯಾರು? ಮೋಡದ ಬೆಳಕು ಎಲ್ಲ ಕಡೆಯಿಂದಲೂ ಬರುತ್ತದೆ, ಅದಕ್ಕೆ ದಿಕ್ಕಿನ ಹಂಗಿಲ್ಲ. ಡಿಸೆಂಬರಿನಲ್ಲಿ ಚಪ್ಪಟೆ ಮಲಗಿಸಿದ ಪ್ಯಾನೆಲ್ಲಿಗೆ ಮಧ್ಯಾಹ್ನದ ನೇರ ಬಿಸಿಲಿನ ಶೇ 79 ಸಿಕ್ಕರೆ ಓರೆ ಮಾಡಿದ್ದಕ್ಕೆ ಶೇ 92 ಸಿಗುತ್ತದೆ. ಓರೆ ಇದ್ದರೆ ಮಳೆ ನೀರು ಧೂಳನ್ನೂ ತೊಳೆದುಕೊಂಡು ಇಳಿಯುತ್ತದೆ. ಹಿರಿಯರು ಒಪ್ಪಿದರು, ಲೆಕ್ಕವನ್ನು ಪಂಚಾಂಗದ ಹಿಂಬದಿಗೆ ಬರೆದಿಟ್ಟುಕೊಂಡರು.

ಎಲ್ಲರೂ ಮೂರು ಕಿಲೋವ್ಯಾಟ್ ಎನ್ನುವುದಕ್ಕೆ ಕಾರಣ 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆ. ಮೂರಕ್ಕೆ 78,000 ರೂಪಾಯಿ ಸಹಾಯಧನ, ಅದಕ್ಕಿಂತ ಹೆಚ್ಚು ಹಾಕಿದರೂ ಅಷ್ಟೇ. ಇದರಲ್ಲಿ ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ, ಲೈನಿಗೆ ಕೂಡಿಸಿದ ವ್ಯವಸ್ಥೆ. ಇಲ್ಲೇ ದೊಡ್ಡ ಜಗಳ ಹುಟ್ಟುವುದು. ಮರ ಬಿದ್ದು ಲೈನ್ ಹೋದಾಗ, ಮೇಲೆ ಬಿಸಿಲಿದ್ದರೂ ಮನೆಯಲ್ಲಿ ಫ್ಯಾನ್ ತಿರುಗುವುದಿಲ್ಲ. “ಹಾಗಾದರೆ ಇದು ಯಾವ ಸೋಲಾರ್?” ಎನ್ನುತ್ತಾರೆ. ಲೈನಿನಲ್ಲಿ ವಿದ್ಯುತ್ ಇಲ್ಲದಾಗ ಇನ್ವರ್ಟರ್ ತಾನೇ ನಿಲ್ಲಬೇಕೆಂಬುದು ನಿಯಮ. ನಿಲ್ಲದಿದ್ದರೆ ನಿಮ್ಮ ಮಾಡಿನ ವಿದ್ಯುತ್ ಹೊರಗಿನ ತಂತಿಗೆ ಹೋಗುತ್ತದೆ, ಕಂಬ ಹತ್ತಿದ ಲೈನ್‌ಮನ್‌ಗೆ ಅದು ಗೊತ್ತಿರುವುದಿಲ್ಲ. ಕತ್ತಲೆ ಬೇಡವೆಂದರೆ, ಲೈನ್ ಇಲ್ಲದಾಗಲೂ ಬ್ಯಾಟರಿಯಿಂದ ಮನೆಗೆ ವಿದ್ಯುತ್ ಕೊಡಬಲ್ಲ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ಒಳಗಿನ ಹಳ್ಳಿಗಳಿಗೆ ನಾನು ಅದನ್ನೇ ಹೇಳುವುದು, ಪ್ಯಾನೆಲ್ ಒಂದೆರಡು ಕಡಿಮೆಯಾದರೂ ಚಿಂತೆಯಿಲ್ಲ. ಕರಾವಳಿಯವರು ಇನ್ನೊಂದು ವಿಷಯ ವಿಚಾರಿಸಿಕೊಳ್ಳಲಿ. ಬೋಲ್ಟುಗಳು ಸ್ಟೇನ್‌ಲೆಸ್ ಎಂದಷ್ಟೇ ಹೇಳಿದರೆ ಸಾಲದು, ಉಪ್ಪು ಗಾಳಿಗೆ 316 ದರ್ಜೆಯದು ತಡೆಯುತ್ತದೆ, 304ಕ್ಕೆ ತುಕ್ಕಿನ ಕಲೆ ಬೇಗ ಬರುತ್ತದೆ.

ಉಪ್ಪಿನ ಮಾತು ಬಂತು. ಗೋಕರ್ಣದ ದಾರಿಯಲ್ಲಿ ಸಾಣಿಕಟ್ಟಾದ ಉಪ್ಪಿನ ಗದ್ದೆಗಳನ್ನು ಕಂಡಾಗೆಲ್ಲ ನಾನು ಮನಸ್ಸಿನಲ್ಲಿ ಯೂನಿಟ್ ಲೆಕ್ಕ ಹಾಕುತ್ತೇನೆ, ವೃತ್ತಿಯ ಚಟ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ. ಒಂದು ಕಿಲೋ ಲವಣಕ್ಕೆ ಸುಮಾರು 28 ಲೀಟರ್ ನೀರು ಆವಿಯಾಗಬೇಕು, ಒಂದು ಲೀಟರ್ ಆವಿಯಾಗಲು ಮೂರನೇ ಎರಡು ಯೂನಿಟ್ ಶಕ್ತಿ ಬೇಕು. ಅಂದರೆ ಕಿಲೋವೊಂದಕ್ಕೆ 19 ಯೂನಿಟ್ ಹತ್ತಿರ ಹತ್ತಿರ. ಮೂರು ಕಿಲೋವ್ಯಾಟಿನ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ಒಂದೂವರೆ ದಿನ ದುಡಿದರೆ ಒಂದು ಕಿಲೋ ಉಪ್ಪು! ಆ ಗದ್ದೆಯಲ್ಲಿ ಸಿಲಿಕಾನ್ ಇಲ್ಲ, ಇನ್ವರ್ಟರ್ ಇಲ್ಲ, ಸಬ್ಸಿಡಿ ಅರ್ಜಿಯೂ ಇಲ್ಲ. ಮಣ್ಣಿನ ಬದು ಮತ್ತು ತೆಳ್ಳಗೆ ನಿಲ್ಲಿಸಿದ ನೀರು. ಅಲ್ಲಿ ಬೇಕಾದದ್ದು ಬಿಸಿ, ಬಿಸಿಲಿನಿಂದ ಬಿಸಿ ಪಡೆಯಲು 1.1 ಎಲೆಕ್ಟ್ರಾನ್ ವೋಲ್ಟಿನ ಕಟ್ಟಳೆಯಿಲ್ಲ, ಅವಕೆಂಪು ಕಣವೂ ಕೆಲಸಕ್ಕೆ ಬರುತ್ತದೆ.

ಅದಕ್ಕೇ, ಪ್ಯಾನೆಲ್ ಹಾಕಿಸಿದ ಖುಷಿಯಲ್ಲಿ ಬಚ್ಚಲಿಗೆ ಕರೆಂಟಿನ ಗೀಸರ್ ತರುವವರನ್ನು ಕಂಡರೆ ನನಗೆ ಸಂಕಟ. ನೂರು ಲೀಟರ್ ನೀರನ್ನು 25ರಿಂದ 55 ಡಿಗ್ರಿಗೆ ಏರಿಸಲು ಮೂರೂವರೆ ಯೂನಿಟ್ ಬೇಕು, ಒಳ್ಳೆಯ ದಿನದ ಗಳಿಕೆಯ ಕಾಲು ಭಾಗಕ್ಕಿಂತ ಹೆಚ್ಚು. ಎರಡು ಚದರ ಮೀಟರಿನ ಬಿಸಿನೀರಿನ ಸೋಲಾರ್ ಇದೇ ಕೆಲಸವನ್ನು ನೇರವಾಗಿ ಮಾಡಿ ಮುಗಿಸುತ್ತದೆ. ಅಷ್ಟೇ ಜಾಗದ ಪ್ಯಾನೆಲ್ಲಿನಿಂದ ಅದರ ಅರ್ಧವೂ ಹುಟ್ಟುವುದಿಲ್ಲ. ಬೆಳಕನ್ನು ಇಷ್ಟು ಕಷ್ಟಪಟ್ಟು ವಿದ್ಯುತ್ ಮಾಡಿದ್ದು ಅದನ್ನು ಪುನಃ ಬಿಸಿ ಮಾಡಲಿಕ್ಕೇ? ಆ ಯೂನಿಟ್ಟುಗಳು ಮಿಕ್ಸಿಗೆ, ಪಂಪಿಗೆ, ಫ್ರಿಜ್ಜಿಗೆ ಇರಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿನೀರಿನ ಸೋಲಾರೂ ಕೈಕೊಡುತ್ತದೆ, ಹಾಗಾಗಿ ಹೊಸ ಬಚ್ಚಲು ಕಟ್ಟಿಸುವಾಗ ಹಂಡೆಯ ಒಲೆ ಕಿತ್ತುಹಾಕುವ ಅವಸರ ಮಾಡಬೇಡಿ. ಉರಿ ಹಾಕಲು ಅಡಿಕೆ ಸಿಪ್ಪೆ ಹೇಗೂ ಕೊಟ್ಟಿಗೆಯ ಹಿಂದೆ ರಾಶಿ ಬಿದ್ದಿರುತ್ತದೆ.